ಆರ್ಥರ್ ಡವ್ ಮತ್ತು ಹಸೆಗೋಡೆಯ ಚಿತ್ತಾರ

ಚಿತ್ರವೊಂದರ ಮುಂದೆ ನಿಂತವನು ಕೇಳುವ ಮೊದಲ ಪ್ರಶ್ನೆ ‘ಇದು ಏನು?’ ಎಂಬುದು. ಆನೆಯನ್ನು ಬರೆದಿದ್ದರೆ ಉತ್ತರ ಸುಲಭ; ಕೊಳಲೂದುವ ಕೃಷ್ಣನನ್ನು ಬರೆದಿದ್ದರೆ ಇನ್ನೂ ಸುಲಭ. ಆದರೆ ಬೂದುಬಣ್ಣದ ಹಿನ್ನೆಲೆ, ಅದರ ಮೇಲೆ ಒಂದರೊಳಗೊಂದು ಸೇರಿದ ಕೆಲವು ವರ್ತುಲಗಳು, ಇಷ್ಟೇ ಇದ್ದರೆ ನೋಡುವವನು ಮೊದಲು ತಬ್ಬಿಬ್ಬಾಗುತ್ತಾನೆ, ಆಮೇಲೆ ಸಿಟ್ಟಾಗುತ್ತಾನೆ, ಕೊನೆಗೆ ‘ಇಂಥದನ್ನು ನಮ್ಮ ಮನೆಯ ಮಗುವೂ ಬರೆದೀತು’ ಎಂದು ಹೇಳಿ, ಆ ಮಾತಿನಿಂದ ಸಮಾಧಾನ ಪಡೆದು ಮುಂದಕ್ಕೆ ನಡೆಯುತ್ತಾನೆ. ಅಮೂರ್ತಚಿತ್ರ ಎಂದು ಈಗ ನಾವು ಕರೆಯುವ ಪದ್ಧತಿಯನ್ನು ಹಿಡಿದ ಕಲಾವಿದರಲ್ಲಿ ಈ ಮಾತನ್ನು ಕೇಳದೆ ಉಳಿದವರು ವಿರಳ. ಅಮೆರಿಕದಲ್ಲಿ ಆ ಹಾದಿಯನ್ನು ಮೊದಲು ತುಳಿದವರಲ್ಲಿ ಒಬ್ಬನಾದ ಆರ್ಥರ್ ಡವ್‌ನಿಗಂತೂ ಇಂಥ ತಿರಸ್ಕಾರ ಮನೆಯೊಳಗಿನಿಂದಲೇ ಬಂತು.

ಡವ್‌ನ ಬಾಳನ್ನೂ ಕೃತಿಯನ್ನೂ ನಮ್ಮ ಸೊರಬದ ಕಡೆಯ ಒಂದು ಕಲೆಯ ಪಕ್ಕದಲ್ಲಿ ಇಟ್ಟು ನೋಡಬೇಕೆಂಬುದು ಈ ಲೇಖನದ ಉದ್ದೇಶ. ಎಲ್ಲಿಯ ನ್ಯೂಯಾರ್ಕ್, ಎಲ್ಲಿಯ ಸೊರಬ ಎಂದು ವಾಚಕರಿಗೆ ಅನ್ನಿಸಬಹುದು. ಹೋಲಿಕೆ ಸಹಜವೋ ಬಲವಂತದ್ದೋ ಎಂಬುದನ್ನು ಕೊನೆಯವರೆಗೆ ಓದಿ ಅವರೇ ತೀರ್ಮಾನಿಸಲಿ. ಶಿಕಾರಿಪುರದಲ್ಲಿ ಕನ್ನಡ ಪಾಠ ಹೇಳುವ ನನಗೆ ಚಿತ್ರಕಲೆಯಲ್ಲಿ ವಿಶೇಷ ಪಾಂಡಿತ್ಯವಿಲ್ಲ. ಆದರೆ ಅರ್ಥವಾಗದ ಮಾತಿನ ಮುಂದೆ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ನೋಡುವುದು ಸಾಹಿತ್ಯದ ಅಧ್ಯಾಪಕನಿಗೆ ದಿನನಿತ್ಯದ ಕೆಲಸ. ಅರ್ಥವಾಗದ ಚಿತ್ರದ ಮುಂದೆ ಅವರು ನಡೆದುಕೊಳ್ಳುವ ಬಗೆ ಅದಕ್ಕಿಂತ ಬೇರೆಯಾದುದೇನೂ ಅಲ್ಲ.

*

ಡವ್ ಹುಟ್ಟಿದ್ದು ೧೮೮೦ನೆಯ ಆಗಸ್ಟ್ ೨ರಂದು, ನ್ಯೂಯಾರ್ಕ್ ರಾಜ್ಯದ ಕೆನಂಡೇಗ್ವಾ ಎಂಬ ಊರಿನಲ್ಲಿ. ತಂದೆ ವಿಲಿಯಂ ಡವ್ ಇಟ್ಟಿಗೆ ತಯಾರಿಸುತ್ತಿದ್ದ ಉದ್ಯಮಿ, ಕಟ್ಟಡಗಳ ಕಂಟ್ರಾಕ್ಟರು, ಸ್ಥಿತಿವಂತ. ಆ ವರ್ಷ ಅಮೆರಿಕದ ಅಧ್ಯಕ್ಷ ಮತ್ತು ಉಪಾಧ್ಯಕ್ಷ ಸ್ಥಾನಗಳಿಗೆ ಒಂದು ಪಕ್ಷದಿಂದ ನಿಂತಿದ್ದವರು ಗಾರ್‌ಫೀಲ್ಡ್ ಮತ್ತು ಆರ್ಥರ್. ಇಬ್ಬರ ಹೆಸರನ್ನೂ ಸೇರಿಸಿ ಮಗುವಿಗೆ ಆರ್ಥರ್ ಗಾರ್‌ಫೀಲ್ಡ್ ಡವ್ ಎಂದು ನಾಮಕರಣವಾಯಿತು. ತಂದೆ ಮಗನಿಂದ ಏನನ್ನು ನಿರೀಕ್ಷಿಸಿದ್ದನೆಂಬುದನ್ನು ಊಹಿಸಲು ಈ ಹೆಸರೊಂದೇ ಸಾಕು.

ಹುಡುಗ ಬೆಳೆದದ್ದು ಅದೇ ರಾಜ್ಯದ ಜಿನೀವಾ ಎಂಬ ಪಟ್ಟಣದಲ್ಲಿ. ಅಲ್ಲಿ ನ್ಯೂಟನ್ ವೆದರ್ಲಿ ಎಂಬ ನೆರೆಯವನಿದ್ದ. ತರಕಾರಿ ಬೆಳೆಯುವುದು ಅವನ ಕಸುಬು. ಕಾಡುಮೇಡು ಅಲೆಯುವುದು, ಬಿಡುವಿನಲ್ಲಿ ಚಿತ್ರ ಬರೆಯುವುದು ಅವನ ಹವ್ಯಾಸ. ತಾನು ಬಳಸಿ ಉಳಿದ ಕ್ಯಾನ್ವಾಸಿನ ತುಂಡುಗಳನ್ನು ಈತ ಹುಡುಗನಿಗೆ ಕೊಡುತ್ತಿದ್ದ. ಬೇಟೆಗೂ ಮೀನು ಹಿಡಿಯುವುದಕ್ಕೂ ಜೊತೆಗೆ ಕರೆದೊಯ್ಯುತ್ತಿದ್ದ. ಡವ್‌ನಿಗೆ ಚಿತ್ರಕಲೆ ಮತ್ತು ನಿಸರ್ಗ ಎರಡೂ ಒಬ್ಬನೇ ಗುರುವಿನಿಂದ, ಒಂದೇ ವಯಸ್ಸಿನಲ್ಲಿ ದೊರೆತವು ಎಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ಆತ ಎಷ್ಟು ಅಮೂರ್ತವಾಗಿ ಬರೆದರೂ ಮಣ್ಣು, ನೀರು, ಗಿಡ, ಸೂರ್ಯಚಂದ್ರರನ್ನು ಬಿಟ್ಟು ಹೋಗಲಿಲ್ಲ.

ಹೋಬಾರ್ಟ್ ಕಾಲೇಜಿನಲ್ಲಿಯೂ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿಯೂ ಓದಿ ೧೯೦೩ರಲ್ಲಿ ಪದವಿ ಪಡೆದ ಡವ್ ವಕೀಲನಾಗಬೇಕೆಂಬುದು ಮನೆಯವರ ಬಯಕೆ. ಅವನು ನ್ಯೂಯಾರ್ಕ್ ನಗರಕ್ಕೆ ಹೋಗಿ ಪತ್ರಿಕೆಗಳಿಗೆ ಚಿತ್ರ ಬರೆಯತೊಡಗಿದ. ಕೈ ಚುರುಕಾಗಿತ್ತು, ಸಂಪಾದನೆ ಚೆನ್ನಾಗಿಯೇ ಇತ್ತು. ಅಷ್ಟಕ್ಕೆ ತೃಪ್ತನಾಗಿದ್ದರೆ ಈ ಲೇಖನಕ್ಕೆ ವಸ್ತುವಾಗುತ್ತಿರಲಿಲ್ಲ. ೧೯೦೪ರಲ್ಲಿ ಮದುವೆಯಾದ ಫ್ಲಾರೆನ್ಸ್ ಡಾರ್ಸಿಯೊಡನೆ ಆತ ಫ್ರಾನ್ಸಿಗೆ ಹೊರಟು ೧೯೦೯ರವರೆಗೆ ಅಲ್ಲಿದ್ದ. ಸೆಜಾನ್ ಮತ್ತು ಮಾತಿಸ್ ಇವರ ಬಣ್ಣಗಳ ಬೆಳಕು ಆ ದಿನಗಳಲ್ಲಿ ಪ್ಯಾರಿಸ್ಸಿನ ಯುವಕರ ಕಣ್ಣು ಕುಕ್ಕುತ್ತಿತ್ತು. ೧೯೦೮ ಮತ್ತು ೧೯೦೯ರ ಶರತ್ಕಾಲದ ಪ್ರದರ್ಶನಗಳಲ್ಲಿ ಡವ್‌ನ ಚಿತ್ರಗಳು ಅಲ್ಲಿ ತೂಗಿದವು. ಆದರೆ ತಾನು ಹುಡುಕುತ್ತಿದ್ದುದು ನಗರದಲ್ಲಿಲ್ಲ ಎಂದು ತಿಳಿದು ಆತ ಊರಿಗೆ ಮರಳಿದ.

ಮರಳಿದ ಮೇಲೆ ಅವನಿಗೆ ದೊರೆತ ದೊಡ್ಡ ಸಹೃದಯ ಆಲ್ಫ್ರೆಡ್ ಸ್ಟೀಗ್ಲಿಟ್ಸ್. ಈತ ಪ್ರಸಿದ್ಧ ಛಾಯಾಚಿತ್ರಗಾರ. ನ್ಯೂಯಾರ್ಕಿನಲ್ಲಿ ‘೨೯೧’ ಎಂಬ ಪುಟ್ಟ ಚಿತ್ರಶಾಲೆಯನ್ನು ನಡೆಸುತ್ತಿದ್ದ. ೧೯೧೦ರಲ್ಲಿ ತರುಣ ಅಮೆರಿಕನ್ ಚಿತ್ರಗಾರರ ಪ್ರದರ್ಶನದಲ್ಲಿ ಡವ್‌ನಿಗೂ ಜಾಗ ಕೊಟ್ಟ. ಅದೇ ೧೯೧೦–೧೧ರ ಸುಮಾರಿನಲ್ಲಿ ಡವ್ ಆರು ಸಣ್ಣ ತೈಲಚಿತ್ರಗಳನ್ನು ಬರೆದ. ಅವುಗಳಿಗೆ ಹೆಸರಿಲ್ಲ, ‘ಅಮೂರ್ತ’ ಎಂಬ ಮಾತು, ಮುಂದೆ ಒಂದರಿಂದ ಆರರವರೆಗೆ ಸಂಖ್ಯೆ, ಅಷ್ಟೆ. ಅಮೆರಿಕನ್ನನೊಬ್ಬ ಬರೆದ ಅಮೂರ್ತಚಿತ್ರಗಳಲ್ಲಿ ಇವು ಮೊಟ್ಟಮೊದಲಿನವುಗಳ ಸಾಲಿಗೆ ಸೇರುತ್ತವೆ. ರಷ್ಯದ ಕಾಂಡಿನ್ಸ್ಕಿ ಜರ್ಮನಿಯಲ್ಲಿ ಕುಳಿತು ಇದೇ ದಿಕ್ಕಿಗೆ ಹೊರಟಿದ್ದ ಕಾಲ ಅದು. ಡವ್ ತನ್ನ ಆರು ಚಿತ್ರಗಳನ್ನು ತನ್ನ ಜೀವಿತಕಾಲದಲ್ಲಿ ಪ್ರದರ್ಶಿಸಲಿಲ್ಲ.

೧೯೧೨ರಲ್ಲಿ ಆತ ಸ್ಟೀಗ್ಲಿಟ್ಸನ ಚಿತ್ರಶಾಲೆಯಲ್ಲಿ ತನ್ನ ವರ್ಣಕಡ್ಡಿಯ ಚಿತ್ರಗಳನ್ನು ಜನರೆದುರು ಇಟ್ಟ. ಹಾಯಿ, ಗಿಡದ ರೂಪಗಳು, ಹೂಡಿದ ಕುದುರೆಗಳ ಜೋಡಿ ಎಂಬಂಥ ಹೆಸರುಗಳು. ಆದರೆ ಕುದುರೆಯ ಚಿತ್ರದಲ್ಲಿ ಕುದುರೆ ಕಾಣುವುದಿಲ್ಲ. ಭಾರವನ್ನೆಳೆಯುವ ಬೆನ್ನಿನ ಬಾಗು, ಮುಂದಕ್ಕೆ ನೂಕುವ ಶಕ್ತಿಯ ಹಲ್ಲುಹಲ್ಲಾದ ಗೆರೆ ಮಾತ್ರ ಕಾಣುತ್ತವೆ. ಅದೇ ಪ್ರದರ್ಶನ ಮುಂದೆ ಷಿಕಾಗೊ ನಗರಕ್ಕೂ ಹೋಯಿತು. ನೋಡಿದವರಲ್ಲಿ ಹಲವರು ನಕ್ಕರು, ಕೆಲವರು ಬರೆದರು, ಆರ್ಥರ್ ಜೆರೋಮ್ ಎಡ್ಡಿ ಎಂಬ ರಸಿಕ ಒಂದನ್ನು ಕೊಂಡುಕೊಂಡು, ೧೯೧೪ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಡವ್‌ನ ಚಿತ್ರವನ್ನು ಅಚ್ಚು ಹಾಕಿಸಿದ. ಆ ಪುಟವನ್ನು ನೋಡಿ ಚಕಿತಳಾದ ತರುಣಿ ಜಾರ್ಜಿಯಾ ಓಕೀಫ್ ಮುಂದೆ ತಾನೇ ಅಮೆರಿಕದ ಮಹಾಚಿತ್ರಗಾರ್ತಿಯಾದಳು. ಡವ್‌ನಿಗೆ ತಾನು ಋಣಿಯೆಂಬುದನ್ನು ಆಕೆ ಕೊನೆಯವರೆಗೂ ಮರೆಯಲಿಲ್ಲ.

ಡವ್ ತನ್ನ ಪದ್ಧತಿಯನ್ನು ಕುರಿತು ಹೆಚ್ಚು ಮಾತನಾಡಿದವನಲ್ಲ. ಆದರೆ ‘ಅಮೂರ್ತೀಕರಣ’ ಎಂಬ ಅರ್ಥದ ಮಾತಿಗಿಂತ ‘ಸಾರ ತೆಗೆಯುವುದು’ ಎಂಬ ಅರ್ಥದ ಮಾತು ಅವನಿಗೆ ಪ್ರಿಯವಾಗಿತ್ತು. ಒಂದು ವಸ್ತುವಿನ ಸಾವಿರ ವಿವರಗಳನ್ನು ಒಟ್ಟುಮಾಡಿದರೆ ವಸ್ತು ಸಿಕ್ಕಿದಂತಾಗುವುದಿಲ್ಲ. ಅದರ ಒಂದು ಬಾಗು, ಎರಡು ಬಣ್ಣ ಇವುಗಳಲ್ಲಿ ಅದರ ಜೀವ ಇರುತ್ತದೆ, ಅದನ್ನು ಹಿಡಿಯಬೇಕು ಎಂಬುದು ಅವನ ನಿಲುವಿನ ತಾತ್ಪರ್ಯ. ಕಬ್ಬಿನ ಗಾಣವನ್ನು ಕಂಡ ನಮ್ಮ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ಬೆಲ್ಲದಚ್ಚಿನಲ್ಲಿ ಕಬ್ಬಿನ ಗೆಣ್ಣು, ಗರಿ, ಸಿಪ್ಪೆ ಒಂದೂ ಕಾಣುವುದಿಲ್ಲ. ಹಾಗೆಂದು ಅದು ಕಬ್ಬಿನದಲ್ಲವೆಂದು ಯಾರೂ ಹೇಳುವುದಿಲ್ಲ.

*

ಸಾರ ತೆಗೆಯುವ ಕೆಲಸ ಹೊಟ್ಟೆಗೆ ಹಿಟ್ಟು ಕೊಡಲಿಲ್ಲ. ಮಗನ ಚಿತ್ರಗಳನ್ನು ಹುಚ್ಚೆಂದೇ ಬಗೆದ ತಂದೆ ಸಹಾಯ ಮಾಡಲು ಒಪ್ಪಲಿಲ್ಲ. ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟಿನಲ್ಲಿ ಡವ್ ಹೊಲ ಹಿಡಿದು ಕೋಳಿ ಸಾಕಿದ, ತರಕಾರಿ ಬೆಳೆದ, ಸಮುದ್ರದಲ್ಲಿ ಸಿಗಡಿಯ ಜಾತಿಯ ದೊಡ್ಡ ಜಲಚರಗಳನ್ನು ಹಿಡಿದು ಮಾರಿದ. ಪತ್ರಿಕೆಗಳ ಚಿತ್ರದ ಕೆಲಸವನ್ನೂ ಬಿಡುವಂತಿರಲಿಲ್ಲ. ಎಷ್ಟೋ ತಿಂಗಳು ಒಂದೇ ಒಂದು ಚಿತ್ರಕ್ಕೂ ಸಮಯ ಸಿಗದೆ ಕಳೆದವು.

೧೯೨೧ರಲ್ಲಿ ಅವನ ಸಂಸಾರ ಒಡೆಯಿತು. ಹೆಂಡತಿಯನ್ನು ಬಿಟ್ಟು ಹೆಲೆನ್ ಟಾರ್ ಎಂಬ ಚಿತ್ರಗಾರ್ತಿಯೊಡನೆ ಬಾಳತೊಡಗಿದ. ಮಗನೊಡನೆ ಸಂಬಂಧ ಬಹುಕಾಲ ಕಡಿದುಹೋಯಿತು. ಇದರ ನ್ಯಾಯಾನ್ಯಾಯವನ್ನು ಇಲ್ಲಿ ವಿಚಾರಿಸಬೇಕಾಗಿಲ್ಲ. ಆದರೆ ಕಲೆಗಾಗಿ ಬಾಳಿದವನ ಲೆಕ್ಕವನ್ನು ಅವನೊಬ್ಬನೇ ತೀರಿಸುವುದಿಲ್ಲ, ಜೊತೆಯವರೂ ತೀರಿಸುತ್ತಾರೆ ಎಂಬುದನ್ನು ಮರೆಯಲಾಗದು. ಇಬ್ಬರೂ ‘ಮೋನಾ’ ಎಂಬ ೪೨ ಅಡಿಯ ಹಾಯಿದೋಣಿಯೊಂದನ್ನು ಕೊಂಡು ಅದರಲ್ಲಿಯೇ ವರ್ಷಗಟ್ಟಲೆ ವಾಸಮಾಡಿದರು. ಅಡಿಗೆ, ನಿದ್ದೆ, ಚಿತ್ರ ಎಲ್ಲವೂ ಆ ಇಕ್ಕಟ್ಟಿನಲ್ಲಿಯೇ. ದೋಣಿಯಲ್ಲಿ ದೊಡ್ಡ ಕ್ಯಾನ್ವಾಸಿಗೆ ಜಾಗವೆಲ್ಲಿ? ಬಣ್ಣಕ್ಕೆ ಹಣವೆಲ್ಲಿ? ೧೯೨೪ರಿಂದ ೧೯೩೦ರೊಳಗೆ ಡವ್ ಕೈಗೆ ಸಿಕ್ಕ ವಸ್ತುಗಳನ್ನೇ ಹಲಗೆಗೆ ಅಂಟಿಸಿ ಕೆಲವು ಕೃತಿಗಳನ್ನು ಮಾಡಿದ. ೧೯೨೫ರ ‘ಅಜ್ಜಿ’ ಎಂಬುದರಲ್ಲಿ ಮುದುಕಿಯ ಮುಖವಿಲ್ಲ. ಮಳೆಬಿಸಿಲಿಗೆ ಬೆಳ್ಳಗಾದ ಮರದ ಹೆಂಚುಗಳು, ಕಸೂತಿಯ ಒಂದು ತುಂಡು, ಧರ್ಮಗ್ರಂಥದ ಪದಸೂಚಿಯ ಒಂದು ಹಾಳೆ, ಒಣಗಿದ ಹೂವು ಇವೆ. ಅಷ್ಟರಿಂದ ಒಂದು ಮನೆಯ ಹಿರಿಯಳು ಕಣ್ಣಮುಂದೆ ಬರುತ್ತಾಳೆ.

ಅವನ ಕೃತಿಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ೧೯೨೯ರ ‘ಮಂಜಿನ ಕೊಂಬುಗಳು’. ಕಡಲಲ್ಲಿ ಮಂಜು ಕವಿದಾಗ ಹಡಗುಗಳಿಗೆ ದಾರಿ ತಿಳಿಯಲೆಂದು ದಡದಲ್ಲಿ ಕೊಂಬು ಕೂಗಿಸುವುದುಂಟು. ದೋಣಿಯಲ್ಲಿ ಮಲಗುತ್ತಿದ್ದ ಡವ್ ಆ ಕೂಗನ್ನು ಎಷ್ಟು ರಾತ್ರಿ ಕೇಳಿದ್ದನೋ! ಚಿತ್ರದಲ್ಲಿ ಕೊಂಬೂ ಇಲ್ಲ, ಹಡಗೂ ಇಲ್ಲ. ಮಸುಕಾದ ನೀರಿನ ಮೇಲೆ ನಡುವೆ ಕಪ್ಪಾಗಿ, ಅಂಚಿಗೆ ಬರುಬರುತ್ತ ತಿಳಿಯಾಗುವ ವರ್ತುಲಗಳಿವೆ. ಕಣ್ಣಿಗೆ ಏನೂ ಕಾಣದ ಹೊತ್ತಿನಲ್ಲಿ ಕಿವಿಗೆ ಕೇಳಿದ್ದನ್ನು ಬಣ್ಣದಲ್ಲಿ ಬರೆದ ಚಿತ್ರವಿದು.

ಡಂಕನ್ ಫಿಲಿಪ್ಸ್ ಎಂಬ ಸಂಗ್ರಾಹಕ ವಾಷಿಂಗ್ಟನ್ನಿನಲ್ಲಿ ತನ್ನ ಚಿತ್ರಶಾಲೆಗಾಗಿ ಡವ್‌ನ ಕೃತಿಗಳನ್ನು ಕೊಳ್ಳತೊಡಗಿ, ೧೯೩೦ರಿಂದ ತಿಂಗಳಿಗೆ ೫೦ ಡಾಲರಿನಂತೆ ವೇತನವನ್ನೂ ಕಳುಹಿಸಿದ. ಸಣ್ಣ ಮೊತ್ತ, ಆದರೆ ಡವ್ ದಂಪತಿಗಳ ಒಲೆ ಉರಿದದ್ದು ಅದರಿಂದ. ೧೯೩೨ರಲ್ಲಿ ಹೆಲೆನ್‌ಳೊಡನೆ ಅವನ ಮದುವೆ ನಡೆಯಿತು. ೧೯೩೩ರಿಂದ ೧೯೩೮ರವರೆಗೆ ತಂದೆತಾಯಿಗಳ ಸಾಲದ ಆಸ್ತಿಯನ್ನು ನೋಡಿಕೊಳ್ಳಲು ಜಿನೀವಾದಲ್ಲಿದ್ದರು. ಆ ದಿನಗಳಲ್ಲಿ ಡವ್ ಬಣ್ಣಗಳನ್ನು ತಾನೇ ಅರೆದು, ಮೇಣ ಬೆರೆಸಿ, ಬಗೆಬಗೆಯಾಗಿ ಪ್ರಯೋಗಿಸುತ್ತಿದ್ದ. ಕೊನೆಯ ಮನೆ ಲಾಂಗ್ ಐಲೆಂಡಿನ ಸೆಂಟರ್‌ಪೋರ್ಟಿನಲ್ಲಿ, ಕೊಳದ ದಡದ ಮೇಲಿದ್ದ ಹಳೆಯ ಅಂಚೆಕಚೇರಿಯ ಕಟ್ಟಡ. ೧೯೩೯ರಲ್ಲಿ ಹೃದ್ರೋಗ ತಗಲಿತು. ಮೂತ್ರಪಿಂಡದ ವ್ಯಾಧಿಯೂ ಸೇರಿತು. ಮನೆಯಿಂದ ಹೊರಗೆ ಹೋಗುವುದು ಕಡಮೆಯಾದ ಆ ವರ್ಷಗಳಲ್ಲಿಯೇ ಅವನ ಚಿತ್ರ ಅತ್ಯಂತ ಸರಳವೂ ಗಟ್ಟಿಯೂ ಆಯಿತು. ೧೯೪೬ರ ಜುಲೈಯಲ್ಲಿ ಸ್ಟೀಗ್ಲಿಟ್ಸ್ ತೀರಿಕೊಂಡ. ಅದೇ ವರ್ಷ ನವೆಂಬರ್ ೨೩ರಂದು ಡವ್ ಕಣ್ಮುಚ್ಚಿದ.

*

ಈಗ ಶಿಕಾರಿಪುರದಿಂದ ಸೊರಬದ ಹಾದಿ ಹಿಡಿಯೋಣ. ಬಯಲು ಕರಗುತ್ತ ಮಲೆನಾಡು ತೊಡಗುವ ಸೀಮೆ ಇದು. ಗದ್ದೆ, ಕೆರೆ, ಕಾನು, ಅಡಕೆಯ ತೋಟ. ಇಲ್ಲಿಯೂ ಸಾಗರ, ಸಿದ್ದಾಪುರಗಳ ಕಡೆಯೂ ನೆಲೆಸಿರುವ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಗೋಡೆಯ ಚಿತ್ರಕ್ಕೆ ಚಿತ್ತಾರವೆಂದು ಹೆಸರು. ಮದುವೆಯಲ್ಲಿ ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಯ ಮೇಲೆ ಬರೆಯುವುದು ಹಸೆಗೋಡೆಯ ಚಿತ್ತಾರ. ಆಶ್ವಯುಜದ ಹುಣ್ಣಿಮೆಯಂದು, ತೆನೆಗಟ್ಟುವ ಗದ್ದೆಯನ್ನು ಬಸುರಿ ಹೆಂಗಸೆಂದು ಭಾವಿಸಿ ಬಯಕೆಯ ಊಟ ಒಯ್ಯುವ ಭೂಮಿಹುಣ್ಣಿಮೆಯಲ್ಲಿ, ಆ ಊಟದ ಬಿದಿರುಬುಟ್ಟಿಗೂ ಚಿತ್ತಾರ ಬರೆಯುತ್ತಾರೆ.

ಅದರ ಸಾಮಗ್ರಿಯೆಲ್ಲ ಮನೆಯಂಗಳದ್ದು. ಕೆಮ್ಮಣ್ಣನ್ನು ಕಲಸಿ ಗೋಡೆಗೆ ಸಾರಿಸಿದರೆ ಹಿನ್ನೆಲೆಯಾಯಿತು. ನೆನೆಸಿದ ಅಕ್ಕಿಯನ್ನು ಅರೆದರೆ ಬಿಳಿ. ಅಕ್ಕಿಯನ್ನೇ ಕರಿಕಾಗುವವರೆಗೆ ಹುರಿದು ನೆನೆಸಿ ಅರೆದರೆ ಕಪ್ಪು. ಗುರಿಗೆಯ ಕಾಯಿಯಿಂದ ಹಳದಿ. ಬರೆಯುವ ಕುಂಚ ಪುಂಡಿಯ ನಾರು. ಆ ನಾರಿನಿಂದ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಒಂದರ ಪಕ್ಕ ಒಂದು, ಒಂದಕ್ಕೊಂದು ತಾಗದಂತೆ, ಎಳೆಯುತ್ತಾರೆ. ಚೌಕದೊಳಗೆ ಚೌಕ, ತ್ರಿಕೋನದ ಸಾಲು, ಅಡ್ಡಗೆರೆ, ಓರೆಗೆರೆ. ಕೆಲವು ವಿನ್ಯಾಸಗಳಿಗೆ ಜೋಗಿಜಡೆ, ಬಾಸಿಂಗ ಎಂಬಂಥ ಹೆಸರುಗಳಿವೆ. ದಂಡಿಗೆ, ಮದುಮಕ್ಕಳು ಬಂದರೂ ನಾಲ್ಕಾರು ಗೆರೆಗಳಲ್ಲಿ ಮುಗಿಯುತ್ತಾರೆ. ಅವರಿಗೆ ಕಣ್ಣು ಮೂಗುಗಳ ಹಂಗಿಲ್ಲ. ಇದೇ ಸೊರಬ ಸಾಗರಗಳ ಗುಡಿಗಾರರು ಗಂಧದ ಮರದಲ್ಲಿ ಬೆರಳಿನ ಉಗುರು ಕೂಡ ಕಾಣುವಂತೆ ಮೂರ್ತಿ ಕೆತ್ತುವವರು. ಎರಡು ಕಲೆಗಳೂ ಒಂದೇ ಸೀಮೆಯಲ್ಲಿ ಬಾಳಿವೆ. ರೂಪವನ್ನು ಬರೆಯಲಾರದೆ ಚಿತ್ತಾರದವರು ಗೆರೆಗೆ ಇಳಿದರೆಂದು ಹೇಳುವುದು ಇದರಿಂದಲೇ ಕಷ್ಟ.

ಒಂದು ಪ್ರಸಂಗವನ್ನು ಹೇಳಬೇಕು. ಬಿ.ಎ. ತರಗತಿಯಲ್ಲಿ ಬೆಡಗಿನ ವಚನಗಳ ಪಾಠ ನಡೆದಿತ್ತು. ಅರ್ಥವಾಗದ್ದೆಲ್ಲ ಅರ್ಥಹೀನವಲ್ಲವೆಂಬುದನ್ನು ತೋರಿಸಲು ‘ಮಂಜಿನ ಕೊಂಬುಗಳು’ ಚಿತ್ರದ ಒಂದು ಪ್ರತಿಯನ್ನು ಒಯ್ದಿದ್ದೆ. ನಿರೀಕ್ಷಿಸಿದ ಪ್ರಶ್ನೆಯೇ ಮೊದಲು ಬಂತು: ‘ಇದು ಏನು ಸಾರ್?’ ಕೇಳಿದವಳು ಸೊರಬದ ಕಡೆಯ ಹಳ್ಳಿಯ ಹುಡುಗಿ, ಜಾಣೆ. ಅವಳ ಅಜ್ಜಿ ಚಿತ್ತಾರದಲ್ಲಿ ಹೆಸರಾದವರೆಂದು ಗೆಳತಿಯರು ಹೇಳಿದರು. ಕೆಲವು ದಿನಗಳ ತರುವಾಯ ಅವರ ಮನೆಗೆ ಹೋಗುವ ಅವಕಾಶ ದೊರೆಯಿತು. ಚಿತ್ರವನ್ನು ಒಯ್ದು ಅಜ್ಜಿಯ ಕೈಗೆ ಕೊಟ್ಟೆ.

ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. ‘ಏನು’ ಎಂದು ಕೇಳಲಿಲ್ಲ. ‘ಇದ್ನ ಯಾವ ಕಾರ್ಯಕ್ಕೆ ಬರ್ದಿದ್ದು ಮೇಷ್ಟ್ರೇ?’ ಎಂದರು.

‘ಯಾವ ಕಾರ್ಯಕ್ಕೂ ಅಲ್ಲ ಅಜ್ಜಿ. ಮಂಜು ಬಿದ್ದಾಗ ಸಮುದ್ರದ ದಡದಲ್ಲಿ ಕೊಂಬು ಕೂಗಿಸುತ್ತಾರೆ. ಅದರ ಸದ್ದನ್ನು ಬರೆದಿದ್ದಾನೆ’ ಎಂದೆ.

‘ಹಂಗಾರೆ ಸರಿ. ಸದ್ದು ಹಂಗೇ ಅಗಲ ಆಗ್ತಾ ಹೋಗದು’ ಎಂದರು. ಸ್ವಲ್ಪ ಹೊತ್ತು ಬಿಟ್ಟು ಚಿತ್ರವನ್ನು ಹಿಂದಕ್ಕೆ ಕೊಡುತ್ತ, ‘ಒಂದು ಎಳೇನೂ ಇಲ್ವಲ್ಲ. ಕೈ ಕೂತಿಲ್ಲ ಪಾಪ’ ಎಂದು ತೀರ್ಪು ಕೊಟ್ಟರು.

ಅಮೆರಿಕದ ವಿಮರ್ಶಕರು ಡವ್‌ನನ್ನು ಹಲವು ಬಗೆಯಾಗಿ ಟೀಕಿಸಿದ್ದಾರೆ. ಎಳೆ ತೆಗೆಯಲು ಬಾರದೆಂದು ಟೀಕಿಸಿದವರು ಈ ಅಜ್ಜಿಯೊಬ್ಬರೇ ಇರಬೇಕು. ಆದರೆ ನಾನು ಬಹಳ ದಿನ ಯೋಚಿಸಿದ್ದು ಅವರ ಮೊದಲ ಪ್ರಶ್ನೆಯನ್ನು. ಗೆರೆ, ವರ್ತುಲ, ಬಣ್ಣ ಇವು ಚಿತ್ರವಾಗಬಲ್ಲವೆಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಯಾವ ಚಿತ್ರವಾದರೂ ಒಂದು ಬಾಳಿಗೆ, ಒಂದು ಸಂದರ್ಭಕ್ಕೆ ಸೇರಿರಬೇಕು. ಆ ಸಂದರ್ಭ ಯಾವುದು ಎಂಬುದಷ್ಟೇ ಅವರಿಗೆ ಬೇಕಾಗಿತ್ತು. ಅದು ತಿಳಿದೊಡನೆ ಚಿತ್ರ ತಿಳಿಯಿತು. ಮೊಮ್ಮಗಳಿಗೆ ಮಾತ್ರ ಅದು ಒಗಟಾಯಿತು.

*

ಇಷ್ಟರಿಂದ ಡವ್ ಮತ್ತು ಚಿತ್ತಾರದ ಅಜ್ಜಿ ಒಂದೇ ಎಂದು ಹೇಳಿಬಿಟ್ಟರೆ ಅದು ಅಗ್ಗದ ಮಾತಾದೀತು. ಇಬ್ಬರೂ ವಸ್ತುವಿನ ಸಾರವನ್ನು ಗೆರೆಗೆ ಇಳಿಸುತ್ತಾರೆ, ನಿಜ. ಇಬ್ಬರೂ ಬಣ್ಣವನ್ನು ತಾವೇ ಅರೆದುಕೊಂಡವರು, ಅದೂ ನಿಜ. ಆದರೆ ಡವ್ ತನ್ನ ವ್ಯಾಕರಣವನ್ನು ತಾನೊಬ್ಬನೇ ಕಟ್ಟಿದ. ಅದನ್ನು ಓದಬಲ್ಲವರು ಆಗ ಇರಲಿಲ್ಲ. ಸ್ಟೀಗ್ಲಿಟ್ಸ್, ಫಿಲಿಪ್ಸ್, ಎಡ್ಡಿ ಹೀಗೆ ಒಬ್ಬೊಬ್ಬರನ್ನೇ ಕಾದು ಪಡೆಯಬೇಕಾಯಿತು. ಅವನ ಬಡತನಕ್ಕೂ ಒಂಟಿತನಕ್ಕೂ ಮುಖ್ಯ ಕಾರಣ ಇದೇ. ಅಜ್ಜಿಗಾದರೋ ವ್ಯಾಕರಣ ತಾಯಿಯಿಂದ ಬಂದದ್ದು. ಹಸೆಗೋಡೆಯ ಮುಂದೆ ಕೂತ ನಂಟರೆಲ್ಲರೂ ಅದನ್ನು ಓದಬಲ್ಲವರು. ಎಳೆ ಎಲ್ಲಿ ಓರೆಯಾಯಿತೆಂದು ಬೀಗಿತ್ತಿಯೂ ಗುರುತಿಸಬಲ್ಲಳು. ಅಲ್ಲಿ ಚಿತ್ರಗಾರ್ತಿಗೆ ಓದುಗರ ಬರವಿಲ್ಲ. ಆದರೆ ಅವಳ ಹೆಸರು ಗೋಡೆಯ ಮೇಲಿಲ್ಲ. ಮುಂದಿನ ಕಾರ್ಯಕ್ಕೆ ಗೋಡೆ ಸಾರಿಸಿದಾಗ ಚಿತ್ರವೂ ಹೋಗುತ್ತದೆ. ಒಬ್ಬನಿಗೆ ಹೆಸರು ಉಳಿಯಿತು, ಜನ ತಡವಾಗಿ ಬಂದರು; ಇನ್ನೊಬ್ಬಳಿಗೆ ಜನ ಇದ್ದರು, ಹೆಸರು ಉಳಿಯಲಿಲ್ಲ.

ಹೆಸರಿನ ಮಾತು ಬಂದುದರಿಂದ ಹೆಲೆನ್ ಟಾರ್‌ಳನ್ನು ನೆನೆಯಬೇಕು. ದೋಣಿಯ ಇಕ್ಕಟ್ಟಿನಲ್ಲಿ ಚಿತ್ರ ಬರೆದವರು ಇಬ್ಬರು. ಆಕೆಯ ಚಿತ್ರಗಳು ಜನರೆದುರು ಬಂದದ್ದು ಬೆರಳೆಣಿಕೆಯಷ್ಟು ಬಾರಿ. ಗಂಡನ ರೋಗದ ದಿನಗಳಲ್ಲಿ ಆರೈಕೆ ಅವಳದೇ. ಅವನು ಸತ್ತ ಮೇಲೆ ಆಕೆ ಕುಂಚ ಹಿಡಿಯಲಿಲ್ಲ. ೧೯೬೭ರಲ್ಲಿ ತೀರಿಕೊಂಡಳು. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ ೧೯೦೬ರಲ್ಲಿಯೇ, ಎಂದರೆ ಡವ್‌ಗೂ ಕಾಂಡಿನ್ಸ್ಕಿಗೂ ಮೊದಲೇ, ಅಮೂರ್ತಚಿತ್ರ ಬರೆಯತೊಡಗಿದ್ದಳು. ಅವನ್ನು ಅರಿಯುವ ಜನ ಇನ್ನೂ ಹುಟ್ಟಿಲ್ಲವೆಂದು ಬಗೆದು, ತಾನು ಸತ್ತು ೨೦ ವರ್ಷವಾಗುವವರೆಗೆ ತೋರಿಸಬಾರದೆಂದು ಕಟ್ಟುಮಾಡಿದ್ದಳು. ಆಕೆ ತೀರಿದ್ದು ೧೯೪೪ರಲ್ಲಿ. ಜಗತ್ತಿನ ಕಣ್ಣಿಗೆ ಚಿತ್ರಗಳು ಬಿದ್ದದ್ದು ೧೯೮೬ರಲ್ಲಿ. ಯಾರು ಮೊದಲಿಗರೆಂಬ ವಾದದಲ್ಲಿ ಹುರುಳಿಲ್ಲವೆಂಬುದಕ್ಕೆ ಇಷ್ಟು ಸಾಕು. ಸೊರಬದ ಗೋಡೆಯನ್ನೂ ಲೆಕ್ಕಕ್ಕೆ ಹಿಡಿದರೆ ಆ ವಾದ ಇನ್ನೂ ಹಾಸ್ಯಾಸ್ಪದವಾದೀತು.

ವಾದಕ್ಕಿಂತ ಮುಖ್ಯವಾದುದು ಓದುಗರ ಪ್ರಶ್ನೆ. ಶಿಕಾರಿಪುರದಿಂದ ಸುಮಾರು ೨೦ ಕಿಲೋಮೀಟರು ದೂರದ ಬಳ್ಳಿಗಾವೆ ಅಲ್ಲಮಪ್ರಭುವಿನ ಊರು. ಹರಿಹರನ ರಗಳೆಯಂತೆ ಆತ ಮದ್ದಳೆ ಬಾರಿಸುವುದರಲ್ಲಿ ಪ್ರವೀಣ, ಕಮಲತೆಯನ್ನು ಕಳೆದುಕೊಂಡು ವಿರಕ್ತನಾದವನು. ಆಕಾರವಿಲ್ಲದ ‘ಬಯಲ’ನ್ನು ಕಣ್ಣಿಗೆ ಕಾಣುವ ಮಾತುಗಳಲ್ಲಿ ಹಿಡಿಯಹೊರಟ ಆತನ ಬೆಡಗು ಮೊದಲ ಓದಿಗೆ ಒಡೆಯುವುದಿಲ್ಲ. ಆದರೂ ಅದು ಅಳಿಯಲಿಲ್ಲ. ಅದಕ್ಕೆ ಟೀಕೆ ಬರೆದವರು ಬಂದರು. ಹದಿನೈದನೆಯ ಶತಮಾನದಲ್ಲಿ ಶೂನ್ಯಸಂಪಾದನೆಯನ್ನು ಜೋಡಿಸಿ ಆ ವಚನಗಳಿಗೆ ಸಂವಾದದ ಸಂದರ್ಭವನ್ನು ಕಟ್ಟಿಕೊಟ್ಟವರು ಬಂದರು. ಅಜ್ಜಿ ಕೇಳಿದ ‘ಯಾವ ಕಾರ್ಯಕ್ಕೆ?’ ಎಂಬ ಪ್ರಶ್ನೆಗೆ ಶೂನ್ಯಸಂಪಾದನಕಾರರು ತಮ್ಮ ರೀತಿಯಲ್ಲಿ ಕೊಟ್ಟ ಉತ್ತರವೇ ಅದು ಎಂದು ನನಗೆ ತೋರುತ್ತದೆ. ಯಾರು ಯಾರೊಡನೆ, ಎಲ್ಲಿ, ಏಕೆ ಈ ಮಾತನ್ನಾಡಿದರು ಎಂದು ತಿಳಿದರೆ ಕಗ್ಗಂಟು ತಾನಾಗಿ ಸಡಿಲುತ್ತದೆ. ಓದುವ ಪರಂಪರೆ ಇದ್ದುದರಿಂದ ಅಲ್ಲಮ ಉಳಿದ.

ಚಿತ್ತಾರಕ್ಕೆ ಆ ಪರಂಪರೆ ಈಗ ಸವೆಯುತ್ತಿದೆ. ಮಣ್ಣಿನ ಗೋಡೆ ಹೋಗಿ ಸಿಮೆಂಟಿನ ಗೋಡೆ ಬಂದಿದೆ. ಮದುವೆ ಮನೆಯಂಗಳದಿಂದ ಕಲ್ಯಾಣಮಂಟಪಕ್ಕೆ ಹೋಗಿದೆ. ಕಾಗದ ಮತ್ತು ಬಟ್ಟೆಯ ಮೇಲೆ ಚಿತ್ತಾರ ಬರೆದು ಮಾರುವವರು, ಶಿಬಿರಗಳಲ್ಲಿ ಕಲಿಸುವವರು ಇದ್ದಾರೆ. ಅವರ ಶ್ರಮ ದೊಡ್ಡದು. ಚೌಕಟ್ಟಿನಲ್ಲಿ ಕೂತ ಚಿತ್ತಾರ ಪಟ್ಟಣದ ಬೈಠಕಖಾನೆಗಳಿಗೂ ಬಂದಿದೆ. ಬರೆಯುವ ಕೈ ಇವರಿಂದ ಉಳಿಯಬಹುದು. ಆದರೆ ಓದುವ ಕಣ್ಣು? ಬಿಳಿಯ ಎಳೆ ಅಕ್ಕಿಯದು, ಅಕ್ಕಿ ಎದುರಿನ ಗದ್ದೆಯದು, ಗದ್ದೆ ಬಸುರಿಯಾದ ತಾಯಿ ಎಂಬುದನ್ನು ಒಟ್ಟಿಗೆ ಕಾಣುವ ಕಣ್ಣು ಚೌಕಟ್ಟಿನೊಡನೆ ಮಾರಾಟಕ್ಕೆ ಬರುವುದಿಲ್ಲ. ಅದು ಹೋದ ದಿನ ಹಸೆಗೋಡೆಯ ಚಿತ್ತಾರ ಸೊರಬದಲ್ಲಿಯೇ ಪರದೇಶಿಯಾಗುತ್ತದೆ. ೧೯೧೨ರಲ್ಲಿ ನ್ಯೂಯಾರ್ಕಿನ ಜನ ಡವ್‌ನ ಚಿತ್ರದ ಮುಂದೆ ನಿಂತಂತೆ ನಮ್ಮ ಮಕ್ಕಳು ತಮ್ಮ ಅಜ್ಜಿಯರ ಗೋಡೆಯ ಮುಂದೆ ನಿಲ್ಲುತ್ತಾರೆ. ನನ್ನ ತರಗತಿಯ ಆ ಜಾಣೆ ಆಗಲೇ ಹಾಗೆ ನಿಂತಿದ್ದಳು.

ಇದರಲ್ಲಿ ಅವಳ ತಪ್ಪೇನೂ ಇಲ್ಲ. ಅರ್ಥವೆಂದರೆ ಪರೀಕ್ಷೆಯಲ್ಲಿ ಎರಡು ಸಾಲಿನಲ್ಲಿ ಬರೆಯಬಹುದಾದದ್ದು ಎಂದು ಶಾಲೆಯಿಂದ ಕಾಲೇಜಿನವರೆಗೆ ಕಲಿಸುತ್ತ ಬಂದಿರುವುದು ನಮ್ಮ ವಿದ್ಯಾಭ್ಯಾಸ. ಡ್ರಾಯಿಂಗ್ ತರಗತಿಯಲ್ಲಿ ಹೂಜಿಯನ್ನು ಹೂಜಿಯಂತೆ ಬರೆದರೆ ಅಂಕ. ಹೂಜಿಯ ತಂಪನ್ನು ಬರೆದವನಿಗೆ ಏನು ಕೊಡಬೇಕೆಂಬುದು ಪಾಠಪಟ್ಟಿಯಲ್ಲಿಲ್ಲ. ಶಿವಮೊಗ್ಗ ಜಿಲ್ಲೆಯ ಶಾಲೆಗಳಲ್ಲಾದರೂ ಚಿತ್ತಾರ ಬಲ್ಲ ಹೆಂಗಸರನ್ನು ವರ್ಷಕ್ಕೊಮ್ಮೆ ಭೂಮಿಹುಣ್ಣಿಮೆಯ ಮುಂಚೆ ಕರೆಸಿ, ಮಕ್ಕಳ ಕೈಯಲ್ಲಿ ಪುಂಡಿಯ ನಾರು ಕೊಡಿಸಿ, ಆಮೇಲೆ ಅವರನ್ನು ಗದ್ದೆಗೆ ಕರೆದೊಯ್ದರೆ ದೊಡ್ಡ ಖರ್ಚೇನೂ ಬರುವುದಿಲ್ಲ. ಬರೆದವರ ಹೆಸರನ್ನು ಗೋಡೆಯ ಮೂಲೆಯಲ್ಲಿ ಬರೆದರೆ ಅಕ್ಕಿಹಿಟ್ಟಿನ ಒಂದು ಹನಿ ಹೆಚ್ಚಿಗೆ ಹಿಡಿದೀತು, ಅಷ್ಟೆ. ಅಂಥ ತರಗತಿಯಲ್ಲಿ ಡವ್‌ನ ಚಿತ್ರವನ್ನೂ ಇಟ್ಟರೆ ಮಕ್ಕಳು ಅವನನ್ನು ನಮಗಿಂತ ಬೇಗ ಅರಿತಾರು.

ಅಮೂರ್ತಚಿತ್ರವನ್ನು ಪರದೇಶದಿಂದ ಬಂದ ಒಗಟೆಂದು ದೂರವಿಡುವ ಸಹೃದಯರಲ್ಲಿ ನನ್ನ ಒಂದು ವಿಜ್ಞಾಪನೆ. ಡವ್‌ನ ಚಿತ್ರ ಎದುರಾದಾಗ ‘ಇದು ಏನು?’ ಎಂಬುದನ್ನು ಒಂದು ಕ್ಷಣ ತಡೆದು, ಸೊರಬದ ಅಜ್ಜಿಯಂತೆ ‘ಯಾವ ಕಾರ್ಯಕ್ಕೆ ಬರೆದದ್ದು?’ ಎಂದು ಕೇಳಿ ನೋಡಬೇಕು. ಮಂಜು ಕವಿದ ರಾತ್ರಿ, ದೋಣಿಯಲ್ಲಿ ಎಚ್ಚರವಾಗಿ ಮಲಗಿದ ಇಬ್ಬರು ಬಡ ಚಿತ್ರಗಾರರು, ದೂರದಲ್ಲಿ ಕೂಗುವ ಕೊಂಬು, ಇಷ್ಟು ಉತ್ತರವಾಗಿ ಬರುತ್ತದೆ. ಚಿತ್ರ ಅದಕ್ಕಿಂತ ಹೆಚ್ಚಿನದನ್ನು ಬಚ್ಚಿಟ್ಟುಕೊಂಡಿಲ್ಲ. ಎಳೆ ಸರಿಯಾಗಿದೆಯೋ ಇಲ್ಲವೋ ಎಂಬ ತೀರ್ಪನ್ನು ಆಮೇಲೆ ಕೊಡಬಹುದು. ಅಜ್ಜಿಯೂ ಆಮೇಲೆಯೇ ಕೊಟ್ಟರು.